ಸರ್ವರ್ ಸತ್ತಿದೆಯೋ, ತಡಮಾಡುತ್ತಿದೆಯೋ? ದೋಷ ಸಹಿಷ್ಣುತೆ ಮತ್ತು ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಮೂರು ಸರ್ವರ್, ಒಂದು ಡೇಟಾಬೇಸ್, ನಡುವೆ ನೆಟ್‌ವರ್ಕ್ ಇಟ್ಟುಕೊಂಡು ದಿನವಿಡೀ ಸೇವೆ ನಡೆಸಬೇಕಾದವರಿಗಾಗಿ ಈ ಪುಟ. ಉದಾಹರಣೆಗಳಿಗೆ ಒಂದೇ ಜೋಡಣೆ ಹಿಡಿದಿದ್ದೇವೆ: ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದನ್ನು ಕಾಯುವ ಪ್ಯಾಟ್ರೋನಿ, ಪ್ಯಾಟ್ರೋನಿಯ ಲೆಕ್ಕಪುಸ್ತಕವಾದ ಇಟಿಸಿಡಿ, ಮುಂಬಾಗಿಲಲ್ಲಿ ನಿಂತು ವಿನಂತಿಗಳನ್ನು ಸರಿಯಾದ ಸರ್ವರ್‌ಗೆ ಕಳಿಸುವ ಎಚ್‌ಎಪ್ರಾಕ್ಸಿ. ಬರಹ ಸ್ವೀಕರಿಸುವ ಸರ್ವರ್ ಪ್ರೈಮರಿ (ನಾಯಕ), ಅದರ ನಕಲು ಇಟ್ಟುಕೊಂಡು ಕಾಯುವುದು ಸ್ಟ್ಯಾಂಡ್‌ಬೈ ಅಥವಾ ರೆಪ್ಲಿಕಾ, ಪ್ರೈಮರಿ ಬಿದ್ದಾಗ ಸ್ಟ್ಯಾಂಡ್‌ಬೈ ಆ ಜಾಗಕ್ಕೆ ಬರುವುದು ಫೇಲ್‌ಓವರ್. ನೀವು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಹೆಸರುಗಳು ಬದಲಾಗುತ್ತವೆ, ತೊಂದರೆಗಳು ಇವೇ ಇರುತ್ತವೆ.

ದೋಷ ಸಹಿಷ್ಣುತೆ ಅಂದರೂ ಚೇತರಿಕೆ ಅಂದರೂ ಒಂದೇ ತಾನೆ?

ಅಲ್ಲ. ಒಂದೇ ಡೇಟಾವನ್ನು ಜೋಡಿಯಾಗಿ ಬರೆಯುವ ರೇಡ್-1ರ ಎರಡು ಡಿಸ್ಕ್‌ಗಳಲ್ಲಿ ಒಂದು ಕೈಕೊಟ್ಟರೂ ಕೌಂಟರಿನಲ್ಲಿ ಕೂತವರಿಗೆ ಸುಳಿವೇ ಸಿಗದೆ ಕೆಲಸ ನಡೆದರೆ ಅದು ಸಹಿಷ್ಣುತೆ. ಯಾರೋ ಯಾವ ಸಾಲು ಎಂದು ಹೇಳುವ ‘ವೇರ್’ ಬರೆಯಲು ಮರೆತು ‘ಡಿಲೀಟ್’ ಕೊಟ್ಟು ಟೇಬಲ್ ಖಾಲಿಯಾಯಿತು, ಅದನ್ನು ಮಧ್ಯಾಹ್ನ 3:10ರ ಸ್ಥಿತಿಗೆ ಮರಳಿ ತಂದಿರಿ ಅನ್ನಿ, ಅದು ಚೇತರಿಕೆ. ಇಲ್ಲಿ ಸಹಿಷ್ಣುತೆಯಿಂದ ಒಂದಿಷ್ಟೂ ನೆರವಿಲ್ಲ. ಆ ಡಿಲೀಟ್ ಎರಡೂ ಡಿಸ್ಕ್‌ಗೆ, ಎಲ್ಲ ರೆಪ್ಲಿಕಾಗಳಿಗೆ ಚಾಚೂ ತಪ್ಪದೆ ತಲುಪಿರುತ್ತದೆ. ಹಣ ಕಡಿಮೆ ಇರುವ ಕಡೆ ಮೊದಲು ಬ್ಯಾಕಪ್ ಮತ್ತು ರಿಸ್ಟೋರ್ ಸರಿಮಾಡಿಕೊಳ್ಳಿ, ಫೇಲ್‌ಓವರ್ ಆಮೇಲೆ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಫೇಲ್‌ಓವರ್ ಡೆಮೊ ನೋಡಲು ಚೆಂದ, ರಿಸ್ಟೋರ್ ನೋಡಲು ಬೇಜಾರು.

ಒಂದು ಸರ್ವರ್ ಬಿದ್ದಿದೆ ಎಂದು ಉಳಿದವುಗಳಿಗೆ ಗೊತ್ತಾಗುವುದು ಹೇಗೆ?

ಗೊತ್ತಾಗುವುದೇ ಇಲ್ಲ. ಈ ಪುಟದ ಮುಕ್ಕಾಲು ಪಾಲು ಉತ್ತರಗಳು ಇದೊಂದು ಸಂಗತಿಯಿಂದಲೇ ಹುಟ್ಟಿದವು.

ಕೇಳಿದವರಿಗೆ ತಿಳಿಯುವುದು ‘ಉತ್ತರ ಬರಲಿಲ್ಲ’ ಎಂದಷ್ಟೆ. ಆ ಕಡೆಯ ಯಂತ್ರಕ್ಕೆ ಕರೆಂಟ್ ಹೋಗಿರಬಹುದು. ಯಂತ್ರ ಚೆನ್ನಾಗಿದ್ದು ನಡುವಿನ ಸ್ವಿಚ್ ಕೆಟ್ಟಿರಬಹುದು. ಡಿಸ್ಕ್ ನಿಧಾನವಾಗಿ 20 ಸೆಕೆಂಡ್ ತಡವಾಗಿರಬಹುದು. ಹೇಳಿದ ಕೆಲಸ ಪೂರ್ತಿ ಆಗಿ ‘ಆಯಿತು’ ಎನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ.

ಯುಪಿಐನಲ್ಲಿ ಹಣ ಕಳಿಸಿದಾಗ ಖಾತೆಯಿಂದ ಕಡಿತವಾಗಿ, ಪರದೆಯ ಮೇಲೆ ‘ಪೆಂಡಿಂಗ್’ ಎಂದು ನಿಲ್ಲುವುದು ಈ ನಾಲ್ಕನೆಯ ಬಗೆ. ಅದು ಎಂದೂ ಆಗದಂತೆ ತಡೆಯಲು ಬರುವುದಿಲ್ಲ. ಆದ್ದರಿಂದಲೇ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ಗಡುವು ಹಾಕಿತು: ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಸೇರದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅನುಮಾನ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು, ಅದನ್ನು ಬಗೆಹರಿಸುವ ಗಡುವನ್ನು ಮೊದಲೇ ಬರೆದಿಡುವ ಕ್ರಮ ಇದು. ನಿಮ್ಮ ವ್ಯವಸ್ಥೆಯಲ್ಲೂ ಇದೇ ಬೇಕು.

ಸಂದೇಶ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂಬ ಖಾತರಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಸಾಯಬಹುದಾದರೂ ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬಂದೇ ಬರುತ್ತವೆ ಎನ್ನುವ ನಿಶ್ಚಿತ ವಿಧಾನ ಇರಲಾರದು ಎಂದು ಸಂಶೋಧಕರಾದ ಫಿಷರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಸಾಧಿಸಿ ತೋರಿಸಿದರು. ಬಳಕೆಯಲ್ಲಿರುವ ವ್ಯವಸ್ಥೆಗಳೆಲ್ಲ ಟೈಮ್‌ಔಟ್ (ಇಷ್ಟು ಹೊತ್ತು ಉತ್ತರ ಬಾರದಿದ್ದರೆ ಸತ್ತಿದೆ ಎಂದುಕೊಳ್ಳುವ ಮಿತಿ) ಎಂಬ ಅಂದಾಜನ್ನು ನೆಚ್ಚಿಕೊಂಡೇ ನಡೆಯುತ್ತವೆ.

ಹಾಗಾದರೆ ಟೈಮ್‌ಔಟ್ ಎಷ್ಟು ಇಡಬೇಕು?

ಎಲ್ಲಕ್ಕೂ ಹೊಂದುವ ಒಂದು ಸಂಖ್ಯೆ ಇಲ್ಲ. ಕಡಿಮೆ ಇಟ್ಟರೆ ಬದುಕಿರುವ ಸರ್ವರ್‌ಗೆ ತಿಥಿ ಮಾಡುತ್ತೀರಿ, ಹೆಚ್ಚು ಇಟ್ಟರೆ ಸತ್ತದ್ದರ ಮುಂದೆ ಕಾಯುತ್ತ ಕೂರುತ್ತೀರಿ. ಒಂದು ವಾರದ ಲಾಗ್ ತೆಗೆದು, 1000 ವಿನಂತಿಗಳಲ್ಲಿ 999 ಎಷ್ಟು ಹೊತ್ತಿನಲ್ಲಿ ಮುಗಿಯುತ್ತವೆ ಎಂದು ನೋಡಿ. ಅದರ ಎರಡು ಮೂರು ಪಟ್ಟು ಇಟ್ಟು ಶುರುಮಾಡಿ.

ಆದರೆ ನಾವು ಹೆಚ್ಚಾಗಿ ಕಾಣುವ ತೊಂದರೆ ತಪ್ಪು ಸಂಖ್ಯೆಯದಲ್ಲ. ಯಾರೂ ಸಂಖ್ಯೆಯನ್ನೇ ಇಟ್ಟಿರುವುದಿಲ್ಲ. ಆಗ ಲಿನಕ್ಸ್ ತನ್ನ ಹಳೆಯ ರೂಢಿ ಹಿಡಿಯುತ್ತದೆ. ಕಳಿಸಿದ ಡೇಟಾಕ್ಕೆ ಸ್ವೀಕೃತಿ ಬರದಿದ್ದರೆ, ಎಷ್ಟು ಬಾರಿ ಮತ್ತೆ ಕಳಿಸಬೇಕು ಎನ್ನುವ ‘ಟಿಸಿಪಿ_ರಿಟ್ರೈಸ್2’ ಬೆಲೆ 15 ಇರುವುದರಿಂದ ಸುಮಾರು 924 ಸೆಕೆಂಡ್, ಅಂದರೆ 15 ನಿಮಿಷಕ್ಕೂ ಹೆಚ್ಚು ಹೊತ್ತು ಪ್ರಯತ್ನಿಸುತ್ತಲೇ ಇರುತ್ತದೆ. ಏನೂ ಕಳಿಸದೆ ಸುಮ್ಮನೆ ಉತ್ತರಕ್ಕೆ ಕಾಯುತ್ತಿರುವ ಸಂಪರ್ಕದ್ದು ಇನ್ನೂ ದೊಡ್ಡ ಕಥೆ. ಆ ಕಡೆ ಬದುಕಿದೆಯೇ ಎಂದು ತಟ್ಟಿ ನೋಡುವ ಕೀಪ್‌ಅಲೈವ್ ಆನ್ ಆಗಿದ್ದರೂ ಮೊದಲ ಪರೀಕ್ಷೆ 7200 ಸೆಕೆಂಡ್ ಬಳಿಕ, ಅನಂತರ 75 ಸೆಕೆಂಡಿಗೊಂದರಂತೆ 9 ಬಾರಿ. ಒಟ್ಟು 2 ಗಂಟೆ 11 ನಿಮಿಷ. ‘ಫೇಲ್‌ಓವರ್ 30 ಸೆಕೆಂಡಿನಲ್ಲಿ ಆಯಿತು, ಆದರೂ ಅಪ್ಲಿಕೇಶನ್ ಕಾಲು ಗಂಟೆ ಅಲ್ಲಾಡಲಿಲ್ಲ’ ಎನ್ನುವ ದೂರಿಗೆ ಬಹುಪಾಲು ಕಾರಣ ಇದೇ.

ಪೋಸ್ಟ್‌ಗ್ರೆಸ್‌ಗೆ ಸಂಪರ್ಕಿಸುವ ಸಾಲಿನಲ್ಲಿ ಇಷ್ಟು ಬರೆಯಿರಿ: ‘ಕನೆಕ್ಟ್_ಟೈಮ್‌ಔಟ್’ 5 ಸೆಕೆಂಡ್, ‘ಕೀಪ್‌ಅಲೈವ್ಸ್_ಐಡಲ್’ 10, ‘ಕೀಪ್‌ಅಲೈವ್ಸ್_ಇಂಟರ್ವಲ್’ 5, ‘ಕೀಪ್‌ಅಲೈವ್ಸ್_ಕೌಂಟ್’ 3, ‘ಟಿಸಿಪಿ_ಯೂಸರ್_ಟೈಮ್‌ಔಟ್’ 20000 ಮಿಲಿಸೆಕೆಂಡ್. ಜಾವಾ ಡ್ರೈವರ್ ಬಳಸುವವರು ‘ಸಾಕೆಟ್‌ಟೈಮ್‌ಔಟ್’ ಕೊಡಲು ಮರೆಯಬೇಡಿ. ಅದು ನಿಮ್ಮ ಅತಿ ಉದ್ದದ ಕ್ವೆರಿಗಿಂತ ದೊಡ್ಡದಿರಲಿ, ಇಲ್ಲದಿದ್ದರೆ ತಿಂಗಳ ಕೊನೆಯ ವರದಿ ಅರ್ಧಕ್ಕೇ ನಿಲ್ಲುತ್ತದೆ.

ಎರಡು ಸರ್ವರ್ ಇವೆ, ಒಂದು ಬಿದ್ದರೆ ಇನ್ನೊಂದು ನೋಡಿಕೊಳ್ಳುತ್ತದೆ. ಮೂರನೆಯದು ಯಾಕೆ?

ಇಬ್ಬರ ನಡುವಿನ ಕೇಬಲ್ ಕಿತ್ತರೆ ಎರಡಕ್ಕೂ ‘ಅವನು ಸತ್ತ’ ಎಂದೇ ಕಾಣುತ್ತದೆ. ಸ್ಟ್ಯಾಂಡ್‌ಬೈ ತಾನೇ ಪ್ರೈಮರಿ ಎಂದು ಎದ್ದು ಕೂರುತ್ತದೆ, ಹಳೆಯ ಪ್ರೈಮರಿ ಕುರ್ಚಿ ಬಿಟ್ಟಿರುವುದಿಲ್ಲ. ಅರ್ಧ ಗ್ರಾಹಕರು ಅಲ್ಲಿ ಬರೆಯುತ್ತಾರೆ, ಅರ್ಧ ಇಲ್ಲಿ. 1001ನೆಯ ರಸೀದಿ ಎರಡೂ ಕಡೆ ಬೇರೆಬೇರೆ ಹೆಸರಿನಲ್ಲಿ ಹುಟ್ಟುತ್ತದೆ. ಇದೇ ಸ್ಪ್ಲಿಟ್‌ಬ್ರೇನ್. ಇದನ್ನು ಆಮೇಲೆ ಕೈಯಿಂದ ಹೊಂದಿಸುವುದಕ್ಕಿಂತ ಒಂದು ದಿನ ಸೇವೆ ನಿಲ್ಲಿಸುವುದು ಅಗ್ಗ.

ಮೂರು ಮತಗಳಿದ್ದರೆ ಎರಡು ಒಪ್ಪಿದ ಕಡೆಗೇ ಅಧಿಕಾರ. ಒಂಟಿಯಾದವನು ತಾನಾಗಿ ಕೆಳಗಿಳಿಯುತ್ತಾನೆ. ಬಹುಮತದ ಲೆಕ್ಕ ಹೀಗೆ: 3 ಇದ್ದರೆ 1 ಸಾಯಬಹುದು, 5 ಇದ್ದರೆ 2. 4 ಇಟ್ಟರೂ ಸಾಯಬಹುದಾದದ್ದು 1 ಮಾತ್ರ, ಏಕೆಂದರೆ ಬಹುಮತಕ್ಕೆ 3 ಬೇಕು. ಆದ್ದರಿಂದ ನಾಲ್ಕನೆಯ ಮತದಿಂದ ಸಹಿಷ್ಣುತೆ ಹೆಚ್ಚುವುದಿಲ್ಲ, ಕೆಡುವ ಯಂತ್ರ ಒಂದು ಹೆಚ್ಚುತ್ತದೆ.

ಮೂರನೆಯದು ಪೂರ್ತಿ ಡೇಟಾಬೇಸ್ ಸರ್ವರ್ ಆಗಬೇಕಿಲ್ಲ. ಇಟಿಸಿಡಿ ಮಾತ್ರ ಓಡಿಸುವ ಚಿಕ್ಕ ಯಂತ್ರ ಸಾಕು, ಆದರೆ ಡಿಸ್ಕ್ ಎಸ್‌ಎಸ್‌ಡಿ ಇರಲಿ. ಇಟಿಸಿಡಿ ಪ್ರತಿ ಬರಹವನ್ನೂ ಡಿಸ್ಕ್‌ಗೆ ಒತ್ತಿ ಬರೆದ ಮೇಲೇ ಒಪ್ಪಿಕೊಳ್ಳುತ್ತದೆ, ಆ ಕೆಲಸ 100ರಲ್ಲಿ 99 ಬಾರಿ 10 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಹಳೆಯ ತಿರುಗುವ ಡಿಸ್ಕ್ ಹಾಕಿ, ಅದರ ಮೇಲೆ ರಾತ್ರಿಯ ಬ್ಯಾಕಪ್ ಕೂಡ ಓಡಿಸಿದರೆ, ಯಾವ ಯಂತ್ರವೂ ಕೆಡದೆಯೇ ನಡುರಾತ್ರಿ ನಾಯಕ ಬದಲಾಗುತ್ತಿರುತ್ತಾನೆ.

ಎರಡು ಕಟ್ಟಡಗಳಲ್ಲಿ 2 ಮತ್ತು 1 ಎಂದು ಹಂಚಿದರೆ, 2 ಇರುವ ಕಟ್ಟಡ ಹೋದಾಗ ಎಲ್ಲವೂ ನಿಲ್ಲುತ್ತದೆ. ಮೂರನೆಯ ಮತ ಮೂರನೆಯ ಜಾಗದಲ್ಲೇ ಇರಬೇಕು.

ಬಹುಮತ ಇದ್ದರೆ ಡೇಟಾ ಕ್ಷೇಮ ಎಂದು ತಿಳಿಯಬಹುದೇ?

ಬೇಡ. ಕೋಡ್ ಇಡುವ ತಾಣವಾದ ಗಿಟ್‌ಹಬ್ 2018ರ ಅಕ್ಟೋಬರ್ 21ರಂದು ಕಂಡದ್ದು ಇದನ್ನೇ. ಕೆಡುತ್ತಿದ್ದ 100 ಗಿಗಾಬಿಟ್ ಆಪ್ಟಿಕಲ್ ಉಪಕರಣ ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕ್ ಹಬ್‌ಗೂ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ಗೂ ಸಂಪರ್ಕ ತಪ್ಪಿತು. 43 ಸೆಕೆಂಡಿನಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಉಳಿದ ಕಡೆಯ ಯಂತ್ರಗಳು ನಿಯಮದಂತೆ ಬಹುಮತ ಕೂಡಿಸಿ, ಮೈಎಸ್‌ಕ್ಯೂಎಲ್ ಪ್ರೈಮರಿಗಳನ್ನು ಪಶ್ಚಿಮ ಕರಾವಳಿಗೆ ಒಯ್ದಿದ್ದವು. ಪೂರ್ವದಲ್ಲಿ ಬರೆದಾಗಿದ್ದ ಕೆಲವು ಸೆಕೆಂಡಿನ ಬರಹಗಳು ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಹೊಸದಾಗಿ ಬರೆದದ್ದು ಪೂರ್ವದಲ್ಲಿರಲಿಲ್ಲ. ಎರಡನ್ನೂ ಉಳಿಸಿ ಹೊಂದಿಸುವ ಹೊತ್ತಿಗೆ 24 ಗಂಟೆ 11 ನಿಮಿಷ ಸೇವೆ ಕುಂಟಿತು.

ಮತ ಎಣಿಕೆಯಲ್ಲಿ ತಪ್ಪಿರಲಿಲ್ಲ. ಯಾರು ನಾಯಕ ಎಂಬುದನ್ನು ಬಹುಮತ ಹೇಳುತ್ತದೆ. ಹೊಸ ನಾಯಕನ ಬಳಿ ಹಳೆಯವನ ಡೇಟಾ ಪೂರ್ತಿ ಇದೆಯೇ ಎಂಬುದನ್ನು ರೆಪ್ಲಿಕೇಶನ್ ಬಗೆ ಹೇಳುತ್ತದೆ. ದೂರದ ಊರಿಗೆ ತಾನಾಗಿ ಫೇಲ್‌ಓವರ್ ಆಗುವುದನ್ನು ನಿಲ್ಲಿಸಿ, ಆ ಗುಂಡಿಯನ್ನು ಮನುಷ್ಯರ ಕೈಗೇ ಕೊಡಿ ಎನ್ನುತ್ತೇವೆ ನಾವು.

ಸಿಂಕ್ರೊನಸ್ ರೆಪ್ಲಿಕೇಶನ್ ಹಾಕಿಬಿಟ್ಟರೆ ಒಂದು ಬರಹವೂ ಕಳೆಯುವುದಿಲ್ಲವಲ್ಲ?

ಕಳೆಯುವುದಿಲ್ಲ, ಬೆಲೆ ತೆತ್ತರೆ. ಪ್ರತಿ ಕಮಿಟ್ (ಬರಹ ಖಾಯಂ ಆಗುವ ಹೆಜ್ಜೆ) ಇನ್ನೊಂದು ಯಂತ್ರದ ಡಿಸ್ಕ್ ತಲುಪಿ ಬರುವವರೆಗೆ ಕಾಯಬೇಕು. ಒಂದೇ ರ‍್ಯಾಕ್‌ನಲ್ಲಿ ಇದು ಗಮನಕ್ಕೆ ಬಾರದಷ್ಟು, ಬೇರೆ ಊರಾದರೆ ಪ್ರತಿ ಕಮಿಟ್‌ಗೂ ಹೋಗಿಬರುವ ಮಿಲಿಸೆಕೆಂಡುಗಳು ಕೂಡುತ್ತವೆ. ಸಿಂಕ್ರೊನಸ್ ಸ್ಟ್ಯಾಂಡ್‌ಬೈ ಒಂದೇ ಇದ್ದು ಅದು ಬಿದ್ದರೆ ಪ್ರೈಮರಿಯೂ ಬರೆಯುವುದನ್ನು ನಿಲ್ಲಿಸುತ್ತದೆ. ಅದಕ್ಕೇ ಕನಿಷ್ಠ ಎರಡು ಸ್ಟ್ಯಾಂಡ್‌ಬೈ ಇಟ್ಟು, ‘ಎನಿ 1’, ಅಂದರೆ ಯಾವುದಾದರೂ ಒಂದು ಒಪ್ಪಿದರೆ ಸಾಕು, ಎಂದು ಕೊಡುವುದು.

ಪ್ಯಾಟ್ರೋನಿಯ ‘ಸಿಂಕ್ರೊನಸ್_ಮೋಡ್’ ಮಾತ್ರ ಆನ್ ಮಾಡಿದರೆ, ಸ್ಟ್ಯಾಂಡ್‌ಬೈ ಯಾವುದೂ ಇಲ್ಲದಾಗ ಅದು ಸದ್ದಿಲ್ಲದೆ ಅಸಿಂಕ್ರೊನಸ್‌ಗೆ, ಅಂದರೆ ಕಾಯದೆ ಬರೆಯುವ ಬಗೆಗೆ, ಇಳಿಯುತ್ತದೆ. ಇಳಿಯಲೇ ಬಾರದು ಎಂದರೆ ‘ಸಿಂಕ್ರೊನಸ್_ಮೋಡ್_ಸ್ಟ್ರಿಕ್ಟ್’ ಬೇಕು. ಅಸಿಂಕ್ರೊನಸ್ ಇಟ್ಟುಕೊಂಡವರಿಗೆ ‘ಮ್ಯಾಕ್ಸಿಮಮ್_ಲ್ಯಾಗ್_ಆನ್_ಫೇಲ್‌ಓವರ್’ ಮೂಲ ಬೆಲೆ 1048576 ಬೈಟ್, ಅಂದರೆ 1 ಎಂಬಿ. ಇಷ್ಟು ಹಿಂದಿರುವ ಸ್ಟ್ಯಾಂಡ್‌ಬೈ ಕೂಡ ನಾಯಕನಾಗಬಹುದು. ಪ್ರೈಮರಿ ತಾನು ಎಲ್ಲಿಯವರೆಗೆ ಬರೆದಿದೆ ಎಂಬ ಲೆಕ್ಕವನ್ನು ಇಟಿಸಿಡಿಯಲ್ಲಿ ಆಗಾಗ ಗುರುತು ಹಾಕುತ್ತದೆ, ಕೊನೆಯ ಗುರುತಿನ ಬಳಿಕ ಬರೆದದ್ದೂ ಆ 1 ಎಂಬಿಯ ಜೊತೆ ಕಳೆದುಹೋಗಬಹುದು. ಬಿಲ್ಲಿಂಗ್‌ನವರಿಗೆ ಇದು ದೊಡ್ಡ ಮೊತ್ತ, ಹವಾಮಾನ ಸೆನ್ಸರ್ ಡೇಟಾ ಬರೆಯುವವರಿಗೆ ಏನೂ ಅಲ್ಲ.

ಪ್ರೈಮರಿಯ ಪವರ್ ಕೇಬಲ್ ಕಿತ್ತರೆ ಸೆಕೆಂಡಿಗೆ ಸೆಕೆಂಡ್ ಏನಾಗುತ್ತದೆ?

ಪ್ಯಾಟ್ರೋನಿಯ ಮೂಲ ಬೆಲೆಗಳು: ‘ಟಿಟಿಎಲ್’ 30, ‘ಲೂಪ್_ವೇಟ್’ 10, ‘ರಿಟ್ರೈ_ಟೈಮ್‌ಔಟ್’ 10 ಸೆಕೆಂಡ್. ನಾಯಕ 10 ಸೆಕೆಂಡಿಗೊಮ್ಮೆ ಇಟಿಸಿಡಿಯಲ್ಲಿರುವ ತನ್ನ ನಾಯಕತ್ವದ ಚೀಟಿಯನ್ನು ನವೀಕರಿಸುತ್ತಾನೆ, ಚೀಟಿಯ ಆಯುಸ್ಸು (ಟಿಟಿಎಲ್) 30 ಸೆಕೆಂಡ್.

ಸೊನ್ನೆಯ ಕ್ಷಣದಲ್ಲಿ ಕೇಬಲ್ ಕಿತ್ತಿರಿ. ಕೊನೆಯ ನವೀಕರಣ ಈಗತಾನೆ ಆಗಿರಬಹುದು, 10 ಸೆಕೆಂಡ್ ಹಿಂದೆಯೂ ಆಗಿರಬಹುದು. ಹಾಗಾಗಿ ಚೀಟಿ ಸಾಯುವುದು 20ರಿಂದ 30ನೆಯ ಸೆಕೆಂಡಿನ ನಡುವೆ. ಎಚ್‌ಎಪ್ರಾಕ್ಸಿ 3 ಸೆಕೆಂಡಿಗೊಮ್ಮೆ 8008 ಪೋರ್ಟ್‌ನಲ್ಲಿ ‘ನೀನು ಪ್ರೈಮರಿಯೇ?’ ಎಂದು ಕೇಳುತ್ತಿರುತ್ತದೆ. ಮೂರು ಬಾರಿ ಉತ್ತರ ಬಾರದಿದ್ದರೆ, ಅಂದರೆ ಸುಮಾರು 9ರಿಂದ 12ನೆಯ ಸೆಕೆಂಡಿಗೆ, ಹಳೆಯವನನ್ನು ಪಟ್ಟಿಯಿಂದ ತೆಗೆಯುತ್ತದೆ. ‘ಆನ್-ಮಾರ್ಕ್ಡ್-ಡೌನ್ ಶಟ್‌ಡೌನ್-ಸೆಷನ್ಸ್’ ಬರೆದಿದ್ದರೆ ತೂಗಾಡುತ್ತಿದ್ದ ಸಂಪರ್ಕಗಳೂ ಆಗಲೇ ಕಡಿದುಹೋಗುತ್ತವೆ, ಮೇಲೆ ಹೇಳಿದ 15 ನಿಮಿಷದ ಕಾಟ ತಪ್ಪುತ್ತದೆ. ಅಲ್ಲಿಂದ ಚೀಟಿ ಸಾಯುವವರೆಗೆ ಬರೆಯಲು ಯಾರೂ ಇಲ್ಲ, ಅಪ್ಲಿಕೇಶನ್‌ಗೆ ದೋಷವೇ ಸಿಗುತ್ತದೆ.

ಚೀಟಿ ಸತ್ತೊಡನೆ ಸ್ಟ್ಯಾಂಡ್‌ಬೈಗಳು ಪರಸ್ಪರ ‘ನಿನ್ನ ಲಾಗ್ (ಬರಹಗಳ ಸರದಿ ದಾಖಲೆ, ‘ವಾಲ್’) ಎಲ್ಲಿಯವರೆಗೆ ಇದೆ?’ ಎಂದು ವಿಚಾರಿಸುತ್ತವೆ. ಮುಂದಿರುವುದು ಚೀಟಿ ಹಿಡಿಯುತ್ತದೆ, ಒಂದೆರಡು ಸೆಕೆಂಡಿನಲ್ಲಿ ಪ್ರೈಮರಿಯಾಗುತ್ತದೆ. ಎಚ್‌ಎಪ್ರಾಕ್ಸಿಗೆ ಎರಡು ಬಾರಿ ಸರಿ ಉತ್ತರ ಸಿಗಲು ಇನ್ನು 3ರಿಂದ 6 ಸೆಕೆಂಡ್. ಎಲ್ಲ ಸೇರಿ 25ರಿಂದ 40 ಸೆಕೆಂಡ್. ಯಾರಾದರೂ ‘ಶೂನ್ಯ ಸೆಕೆಂಡಿನಲ್ಲಿ ಫೇಲ್‌ಓವರ್’ ಎಂದು ಮಾರಲು ಬಂದರೆ ಅವರ ಎದುರಿಗೇ ಕೇಬಲ್ ಕಿತ್ತು ನೋಡಿ.

ಟಿಟಿಎಲ್ ಅನ್ನು 10ಕ್ಕೆ ಇಳಿಸಿ ಬೇಗ ಮಾಡಿಕೊಳ್ಳಲು ಹೋಗಬೇಡಿ. ನೆಟ್‌ವರ್ಕ್ ಹತ್ತು ಸೆಕೆಂಡ್ ಕೆಮ್ಮಿದರೂ ನಾಯಕ ಬದಲಾಗುತ್ತಾನೆ.

ಹಳೆಯ ಪ್ರೈಮರಿಯನ್ನು ಬಲವಂತವಾಗಿ ಆಫ್ ಮಾಡುವುದು ಯಾಕೆ? ಅದೇ ಇಳಿಯುವುದಿಲ್ಲವೇ?

ಇಳಿಯಬೇಕೆಂದು ತಿಳಿಯಲು ಅದಕ್ಕೆ ಎಚ್ಚರ ಇರಬೇಕಲ್ಲ. ವರ್ಚುವಲ್ ಯಂತ್ರವನ್ನು, ಅದನ್ನು ಓಡಿಸುವ ಹೈಪರ್‌ವೈಸರ್ 40 ಸೆಕೆಂಡ್ ಹೆಪ್ಪುಗಟ್ಟಿಸಿತು ಅನ್ನಿ. ಎದ್ದಾಗ ಅದರ ಲೆಕ್ಕದಲ್ಲಿ ಸಮಯವೇ ಕಳೆದಿಲ್ಲ, ತಾನಿನ್ನೂ ನಾಯಕ ಎಂದೇ ನಂಬಿ ಒಂದೆರಡು ಬರಹ ಮಾಡಿಬಿಡಬಹುದು. ಅದಕ್ಕೇ ಫೆನ್ಸಿಂಗ್: ಐಪಿಎಂಐ (ಸರ್ವರ್ ಬೋರ್ಡಿನ ದೂರನಿಯಂತ್ರಣ) ಮೂಲಕ ಪವರ್ ತೆಗೆಯುವುದು, ಇಲ್ಲವೇ ವಾಚ್‌ಡಾಗ್. ಪ್ಯಾಟ್ರೋನಿ ವಾಚ್‌ಡಾಗ್‌ಗೆ ನಿಯಮಿತವಾಗಿ ತಟ್ಟುತ್ತಿರುತ್ತದೆ, ತಟ್ಟುವುದು ನಿಂತರೆ ಚೀಟಿಯ ಆಯುಸ್ಸು ಮುಗಿಯುವ 5 ಸೆಕೆಂಡ್ ಮೊದಲೇ ಯಂತ್ರ ರೀಬೂಟ್ ಆಗುತ್ತದೆ. ‘ಸಾಫ್ಟ್‌ಡಾಗ್’ ಮಾಡ್ಯೂಲ್ ಪುಕ್ಕಟೆ, ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹೆಪ್ಪುಗಟ್ಟಿದರೆ ಅದೂ ಜೊತೆಗೇ ಹೆಪ್ಪುಗಟ್ಟುತ್ತದೆ. ಬೋರ್ಡಿನಲ್ಲೇ ವಾಚ್‌ಡಾಗ್ ಇದ್ದರೆ ಅದನ್ನೇ ಬಳಸಿ.

ಐಪಿಎಂಐ ಬಳಸುವವರು ಒಂದು ನೋಡಿಕೊಳ್ಳಿ. ಅನೇಕ ಬೋರ್ಡುಗಳಲ್ಲಿ ಐಪಿಎಂಐಗೂ ಕರೆಂಟ್ ಅದೇ ಸರ್ವರ್‌ನಿಂದ. ಸರ್ವರ್‌ನ ಪವರ್ ಪೂರ್ತಿ ಹೋದಾಗ ಐಪಿಎಂಐ ಉತ್ತರಿಸುವುದಿಲ್ಲ, ‘ಆಫ್ ಆಯಿತು’ ಎಂಬ ಖಾತರಿ ಸಿಗದೆ ಫೇಲ್‌ಓವರ್ ಅಲ್ಲೇ ನಿಲ್ಲುತ್ತದೆ.

ಹಳೆಯ ಪ್ರೈಮರಿ ರಿಪೇರಿಯಾಗಿ ಬಂತು. ಹಾಗೇ ಸೇರಿಸಬಹುದೇ?

ಅದರ ಲಾಗ್‌ನ ಬಾಲದಲ್ಲಿ ಯಾರಿಗೂ ತಲುಪದ ಬರಹ ಇರಬಹುದು, ಆಗ ಹೊಸ ಪ್ರೈಮರಿಯ ಹಿಂದೆ ನಿಲ್ಲಲು ಬರುವುದಿಲ್ಲ. ‘ಪಿಜಿ_ರಿವೈಂಡ್’ ಆ ಬಾಲ ಕತ್ತರಿಸಿ ಹೊಸ ದಾರಿಗೆ ತರುತ್ತದೆ. ಇದಕ್ಕೆ ಡೇಟಾ ಚೆಕ್‌ಸಮ್ ಅಥವಾ ‘ವಾಲ್_ಲಾಗ್_ಹಿಂಟ್ಸ್’ ಮೊದಲೇ ಆನ್ ಇರಬೇಕು. ಕತ್ತರಿಸುವ ಮೊದಲು ಡೇಟಾ ಫೋಲ್ಡರಿನ ಒಂದು ನಕಲು ತೆಗೆದಿಡಿ. ಕಳೆದ ಆ ನಾಲ್ಕು ರಸೀದಿಗಳು ಬೇಕೆಂದು ಅಕೌಂಟ್ಸ್‌ನವರು ಬಂದಾಗ ಅವು ಇರುವುದು ಅಲ್ಲಿ ಮಾತ್ರ.

ರಿಟ್ರೈ (ಮರುಪ್ರಯತ್ನ) ಹಾಕಿದ ಮೇಲೆ ವ್ಯವಸ್ಥೆ ಇನ್ನೂ ಹದಗೆಟ್ಟಿತು. ಯಾಕೆ?

ವೆಬ್ ಸರ್ವರ್ 3 ಬಾರಿ ಪ್ರಯತ್ನಿಸುತ್ತದೆ, ಅದು ಕರೆಯುವ ಸೇವೆ ಪ್ರತಿ ಬಾರಿಗೂ 3, ಅದರ ಕೆಳಗಿನ ಡ್ರೈವರ್ ಮತ್ತೆ 3. ಒಂದು ಕ್ಲಿಕ್ ಡೇಟಾಬೇಸ್ ಮುಟ್ಟುವಾಗ 27 ಕ್ವೆರಿ. ಮೊದಲೇ ಉಸಿರುಗಟ್ಟಿದ ಡೇಟಾಬೇಸ್ ಏಳುವುದೇ ಇಲ್ಲ. ರಿಟ್ರೈ ಒಂದೇ ಹಂತದಲ್ಲಿರಲಿ. ಕಾಯುವ ಹೊತ್ತು 100, 200, 400, 800 ಮಿಲಿಸೆಕೆಂಡ್ ಎಂದು ದ್ವಿಗುಣವಾಗಲಿ. ಪ್ರತಿ ಬಾರಿಯೂ ಸೊನ್ನೆಯಿಂದ ಆ ಮಿತಿಯವರೆಗೆ ಯಾವುದೋ ಒಂದು ಸಂಖ್ಯೆ ಆರಿಸಿ ಕಾಯಲಿ, ಇಲ್ಲದಿದ್ದರೆ ಎಲ್ಲ ಕ್ಲೈಂಟ್‌ಗಳೂ ಒಂದೇ ತಾಳಕ್ಕೆ ಬಂದು ಬಾಗಿಲು ಬಡಿಯುತ್ತವೆ.

ಇದಕ್ಕಿಂತ ಮುಖ್ಯವಾದದ್ದು: ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದಲ್ಲ. ಹಣ ಕಡಿಯುವ, ಸ್ಟಾಕ್ ಇಳಿಸುವ ಪ್ರತಿ ವಿನಂತಿಗೂ ಕ್ಲೈಂಟ್ ಕಡೆಯೇ ಒಂದು ಗುರುತು ಹುಟ್ಟಿಸಿ ಕಳಿಸಿ, ಮರುಪ್ರಯತ್ನದಲ್ಲೂ ಅದೇ ಗುರುತು ಹೋಗಲಿ. ಟೇಬಲ್‌ನಲ್ಲಿ ಆ ಕಾಲಂಗೆ ‘ಯುನೀಕ್’ ಹಾಕಿ. ಎರಡನೆಯ ಬಾರಿ ಬಂದದ್ದಕ್ಕೆ ಮೊದಲ ಬಾರಿಯ ಫಲಿತಾಂಶವನ್ನೇ ಕೊಟ್ಟು ಕಳಿಸಿ. ಗುರುತನ್ನು ಸರ್ವರ್ ಕಡೆ ಹುಟ್ಟಿಸಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಗುರುತಾಗಿ ಇಡೀ ಏರ್ಪಾಟು ವ್ಯರ್ಥ. ಇದನ್ನು ತಪ್ಪಾಗಿ ಮಾಡಿದ ಕೋಡ್ ಮಾಡದ ಕೋಡ್‌ಗಿಂತ ಹೆಚ್ಚು ಕಾಣಸಿಗುತ್ತದೆ.

ರೇಡ್ ಇದೆ, ರೆಪ್ಲಿಕಾ ಇದೆ, ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ) ಇದೆ. ಇನ್ನೂ ಬ್ಯಾಕಪ್ ಬೇಕೇ?

2017ರ ಜನವರಿ 31ರಂದು ಇನ್ನೊಂದು ಕೋಡ್ ತಾಣ ಗಿಟ್‌ಲ್ಯಾಬ್‌ನಲ್ಲಿ ಆದ ಘಟನೆಯನ್ನು ಅವರೇ ವಿವರವಾಗಿ ಪ್ರಕಟಿಸಿದ್ದಾರೆ. ಸ್ಟ್ಯಾಂಡ್‌ಬೈ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಲು ಹೋಗಿ, ಪ್ರೈಮರಿಯಲ್ಲಿ ಆ ಆಜ್ಞೆ ಓಡಿತು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಪ್ರತಿದಿನ ಆಗಬೇಕಿದ್ದ ಡಂಪ್ (ಡೇಟಾಬೇಸ್‌ನ ಪ್ರತಿ) ನೋಡಿದರೆ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಡಂಪ್ ತೆಗೆಯುತ್ತಿದ್ದ ಪ್ರೋಗ್ರಾಂ 9.2ರದ್ದು, ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾದಾಗ ಇಮೇಲ್ ಹೋಗುತ್ತಿತ್ತು, ಆ ಇಮೇಲ್‌ಗಳನ್ನು ಸ್ವೀಕರಿಸುವ ಕಡೆಯ ಸರ್ವರ್ ಸಹಿ ಸರಿಯಿಲ್ಲವೆಂದು ತಿರಸ್ಕರಿಸುತ್ತಿತ್ತು. ಡೇಟಾಬೇಸ್ ಸರ್ವರ್‌ಗಳಿಗೆ ಡಿಸ್ಕ್ ಸ್ನ್ಯಾಪ್‌ಶಾಟ್ ಆನ್ ಆಗಿರಲಿಲ್ಲ. ಕೊನೆಗೆ ಕಾಪಾಡಿದ್ದು, ಒಬ್ಬರು ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್.

ರೇಡ್ ವಿಚಾರಕ್ಕೆ ಬಂದರೆ, 8 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಮರುತುಂಬಲು ಬಿಡುವಿಲ್ಲದೆ ಓಡಿದರೂ ಸುಮಾರು 15 ಗಂಟೆ ಬೇಕು. ಒಂದು ಡಿಸ್ಕ್ ನಷ್ಟವನ್ನಷ್ಟೇ ತಾಳುವ ರೇಡ್-5ರಲ್ಲಿ ಆ 15 ಗಂಟೆ ಉಳಿದ ಡಿಸ್ಕ್‌ಗಳ ಒಂದೊಂದು ಸೆಕ್ಟರೂ ಓದಬೇಕು, ಅವೂ ಅದೇ ದಿನ ಕೊಂಡ ಅದೇ ಬ್ಯಾಚಿನವು. ದೊಡ್ಡ ಡಿಸ್ಕ್‌ಗೆ ರೇಡ್-6 ಅಥವಾ ರೇಡ್-10 ಹಾಕಿ.

ಬ್ಯಾಕಪ್ ಎಂದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಅದರಲ್ಲಿ ಒಂದನ್ನಾದರೂ ಪ್ರೈಮರಿ ಸರ್ವರ್‌ನ ಪಾಸ್‌ವರ್ಡ್‌ನಿಂದ ಅಳಿಸಲು ಬರಬಾರದು. ರಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ ಫೋಲ್ಡರ್.

ರಿಸ್ಟೋರ್ ಅಭ್ಯಾಸ ಹೇಗೆ ಮಾಡುವುದು?

ತಿಂಗಳಿಗೊಮ್ಮೆ, ಗಡಿಯಾರ ಹಿಡಿದು, ಹಿಂದಿನ ಸಲ ಮಾಡದವರ ಕೈಯಲ್ಲಿ. ಪೋಸ್ಟ್‌ಗ್ರೆಸ್ 13 ಮತ್ತು ಮೇಲಿನದಕ್ಕೆ:

1. ಬೇರೆ ಯಂತ್ರದಲ್ಲಿ ಅದೇ ಮುಖ್ಯ ಆವೃತ್ತಿ ಹಾಕಿ. 15ರ ಬ್ಯಾಕಪ್ 16ರಲ್ಲಿ ಏಳುವುದಿಲ್ಲ.
2. ‘ಪಿಜಿ_ಬೇಸ್‌ಬ್ಯಾಕಪ್’ ತೆಗೆದ ಪ್ರತಿಯನ್ನು ಬಿಚ್ಚಿ, ‘ಪಿಜಿ_ವೆರಿಫೈಬ್ಯಾಕಪ್’ ಓಡಿಸಿ.
3. ‘ರಿಸ್ಟೋರ್_ಕಮಾಂಡ್’ನಲ್ಲಿ ಲಾಗ್ ಫೈಲ್‌ಗಳು ಎಲ್ಲಿಂದ ಬರಬೇಕು ಎಂದು ಬರೆಯಿರಿ. ‘ರಿಕವರಿ_ಟಾರ್ಗೆಟ್_ಟೈಮ್’ ಕೊಡಿ, ‘ರಿಕವರಿ_ಟಾರ್ಗೆಟ್_ಆಕ್ಷನ್’ ಅನ್ನು ‘ಪಾಸ್’ ಎಂದಿಡಿ.
4. ಡೇಟಾ ಫೋಲ್ಡರಿನಲ್ಲಿ ‘ರಿಕವರಿ.ಸಿಗ್ನಲ್’ ಎಂಬ ಖಾಲಿ ಫೈಲ್ ಇಟ್ಟು ಶುರುಮಾಡಿ.
5. ನಿಂತಾಗ ಒಳಹೊಕ್ಕು ಟೇಬಲ್‌ನ ಕೊನೆಯ ಸಾಲುಗಳನ್ನು ನೋಡಿ. ಸರಿಯಿದ್ದರೆ ‘ಪಿಜಿ_ವಾಲ್_ರಿಪ್ಲೇ_ರೆಸ್ಯೂಮ್’. ಸಮಯ ಇನ್ನಷ್ಟು ಮುಂದಕ್ಕೆ ಬೇಕಿದ್ದರೆ ನಿಲ್ಲಿಸಿ, ಬದಲಿಸಿ, ಮತ್ತೆ ಓಡಿಸಿ. ಹಿಂದಕ್ಕೆ ಬೇಕಿದ್ದರೆ ಮತ್ತೆ ಎರಡನೆಯ ಹೆಜ್ಜೆಯಿಂದ.

ಮೂರನೆಯ ಹೆಜ್ಜೆಯಲ್ಲಿ ದಿನಾಂಕದ ಮುಂದೆ ಸಮಯವನ್ನು ‘15:10:00+05:30’ ಎಂದೇ ಬರೆಯಿರಿ. ವಲಯ ಬಿಟ್ಟರೆ ಸರ್ವರ್‌ನ ಸ್ವಂತ ವಲಯ ಹಿಡಿಯುತ್ತದೆ, ಅದು ಯುಟಿಸಿ ಆಗಿದ್ದರೆ ಐದೂವರೆ ಗಂಟೆ ತಪ್ಪು. ‘ಐಎಸ್‌ಟಿ’ ಎಂದು ಬರೆಯುವುದಂತೂ ಬೇಡ. ಪೋಸ್ಟ್‌ಗ್ರೆಸ್‌ನ ಮೂಲ ಸಂಕ್ಷೇಪ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್ ಕಾಲ. ಭಾರತದ್ದು ಬೇಕಾದರೆ ಪ್ರತ್ಯೇಕ ಪಟ್ಟಿ ಆರಿಸಬೇಕು.

ಲಾಗ್ ಫೈಲ್ ಒಂದೊಂದೂ 16 ಎಂಬಿ. ಅದನ್ನು ಎಷ್ಟು ಹೊತ್ತಿಗೊಮ್ಮೆ ಬ್ಯಾಕಪ್ ಜಾಗಕ್ಕೆ ಕಳಿಸಬೇಕು ಎನ್ನುವ ‘ಆರ್ಕೈವ್_ಟೈಮ್‌ಔಟ್’ 60 ಸೆಕೆಂಡ್ ಇಟ್ಟರೆ ಸ್ವಲ್ಪ ಸ್ವಲ್ಪವೇ ಬರಹವಿದ್ದರೂ ದಿನಕ್ಕೆ 1440 ಫೈಲ್, ಸುಮಾರು 23 ಜಿಬಿ. 300 ಇಟ್ಟರೆ ಐದರಲ್ಲಿ ಒಂದು ಪಾಲು, ಆದರೆ ಯಂತ್ರ ಸುಟ್ಟುಹೋದರೆ ಕೊನೆಯ 5 ನಿಮಿಷದ ಕೆಲಸ ಹೋಗುತ್ತದೆ. ಯಾವುದು ಅಗ್ಗ ಎಂದು ಹೇಳಬೇಕಾದವರು ಸಂಸ್ಥೆಯ ಯಜಮಾನರು, ಕಂಪ್ಯೂಟರಿನವರಲ್ಲ.

ಎರಡು ಕಂಪನಿಗಳ ಇಂಟರ್ನೆಟ್ ಲೈನ್ ತೆಗೆದುಕೊಂಡಿದ್ದೇವೆ. ಸಾಲದೇ?

2021ರ ಫೆಬ್ರವರಿ 24ರಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಬೆಳಿಗ್ಗೆ 11:40ಕ್ಕೆ ವಹಿವಾಟು ನಿಲ್ಲಿಸಿ, ಮಧ್ಯಾಹ್ನ 3:45ಕ್ಕೆ ಮತ್ತೆ ತೆರೆದು 5ರವರೆಗೆ ನಡೆಸಿತು. ಅವರ ಬಳಿ ಎರಡು ಕಂಪನಿಗಳ ಹಲವು ಲೈನ್‌ಗಳಿದ್ದವು. ಎರಡೂ ಕಂಪನಿಗಳ ಲೈನ್‌ನಲ್ಲಿ ಒಂದೇ ಹೊತ್ತಿಗೆ ತೊಂದರೆಯಾಯಿತು.

ಬಿಲ್ ಎರಡಾದರೂ ಫೈಬರ್ ಒಂದೇ ಚರಂಡಿಯಲ್ಲಿ ಹೋಗುತ್ತಿರಬಹುದು, ರಸ್ತೆ ಅಗೆಯುವ ಜೆಸಿಬಿಗೆ ಅವು ಒಂದೇ ಕಟ್ಟು. ಕಟ್ಟಡದೊಳಕ್ಕೆ ಎರಡೂ ಯಾವ ಗೋಡೆಯಿಂದ ಬರುತ್ತವೆ ಎಂದು ನೀವೇ ಹೋಗಿ ನೋಡಿ, ಮುಂದಿನ ಛೇಂಬರ್‌ವರೆಗಿನ ದಾರಿಯನ್ನು ಬರಹದಲ್ಲಿ ಕೇಳಿ. ಒಂದು ಫೈಬರ್, ಇನ್ನೊಂದು ಮಾಡಿನ ಮೇಲಿನ ರೇಡಿಯೊ ಅಥವಾ 4ಜಿ ಆದರೆ ದಾರಿ ನಿಜಕ್ಕೂ ಬೇರೆ.

ಕರೆಂಟಿಗೂ ಇದೇ ಮಾತು. ಎರಡು ಪವರ್ ಸಪ್ಲೈ ಇರುವ ಸರ್ವರ್‌ನ ಎರಡೂ ಕೇಬಲ್ ಒಂದೇ ಯುಪಿಎಸ್‌ಗೆ ಸಿಕ್ಕಿಸಿರುವುದು ನಾವು ಅತಿ ಹೆಚ್ಚು ಕಾಣುವ ತಪ್ಪು. ಎರಡು ಯುಪಿಎಸ್ ಇದ್ದರೆ ಒಂದೊಂದರ ಮೇಲಿನ ಹೊರೆ ಶೇ. 40 ಮೀರದಿರಲಿ, ಏಕೆಂದರೆ ಒಂದು ಬಿದ್ದಾಗ ಪೂರ್ತಿ ಹೊರೆ ಇನ್ನೊಂದರ ತಲೆಗೆ.

ಸರ್ವರ್ ಸರಿಯಿದೆಯೇ ಎಂದು ಆಗಾಗ ಕೇಳುವ ಹೆಲ್ತ್ ಚೆಕ್ ಏನನ್ನು ನೋಡಬೇಕು?

ಪಿಂಗ್‌ಗೆ ಉತ್ತರ ಬಂತೆಂದರೆ ಕರ್ನಲ್ ಬದುಕಿದೆ ಎಂದಷ್ಟೆ ಅರ್ಥ. ಬದಲಿಗೆ ಎಲ್ಲವನ್ನೂ ಪರೀಕ್ಷಿಸುವ ಚೆಕ್ ಬರೆದರೆ ಡೇಟಾಬೇಸ್ ಒಂದು ಕ್ಷಣ ತಡವಾದಾಗ ಹತ್ತೂ ವೆಬ್ ಸರ್ವರ್‌ಗಳು ಒಟ್ಟಿಗೆ ‘ನನಗೆ ಹುಷಾರಿಲ್ಲ’ ಎಂದು ಪಟ್ಟಿಯಿಂದ ಹೊರಬೀಳುತ್ತವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನಲ್ಲಿ ನಡೆದದ್ದು ಇದರ ದೊಡ್ಡ ರೂಪ. ನಿರ್ವಹಣೆಯ ಒಂದು ಆಜ್ಞೆಯಿಂದ ಒಳಗಿನ ಬೆನ್ನೆಲುಬು ಜಾಲ ಕಡಿಯಿತು. ಡೇಟಾ ಸೆಂಟರ್ ಸಿಗದ ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ) ಸರ್ವರ್‌ಗಳು ತಮಗೇ ಕಾಯಿಲೆಯೆಂದು ತೀರ್ಮಾನಿಸಿ, ತಮ್ಮ ವಿಳಾಸಕ್ಕೆ ದಾರಿ ಇದು ಎಂದು ಸಾರುವ ಬಿಜಿಪಿ ಪ್ರಕಟಣೆಯನ್ನು ಹಿಂತೆಗೆದುಕೊಂಡವು. ಹೊರಜಗತ್ತಿಗೆ ಫೇಸ್‌ಬುಕ್ ಎಂಬ ಹೆಸರೇ ಇಲ್ಲವಾಯಿತು.

ಚೆಕ್ ತನ್ನ ಯಂತ್ರದ ಕೆಲಸವನ್ನಷ್ಟೇ ನೋಡಲಿ. ಅರ್ಧಕ್ಕಿಂತ ಹೆಚ್ಚು ಸರ್ವರ್‌ಗಳು ಒಟ್ಟಿಗೆ ಕೆಟ್ಟವು ಎಂದು ಕಂಡರೆ, ವಿನಂತಿ ಹಂಚುವ ಲೋಡ್ ಬ್ಯಾಲೆನ್ಸರ್ ಚೆಕ್ಕನ್ನೇ ಅನುಮಾನಿಸಿ ಎಲ್ಲರಿಗೂ ಕಳಿಸುವಂತಿರಲಿ.

ಕೆಡುವುದು ಹೆಚ್ಚು ಯಾವುದರಿಂದ?

ಟ್ಯಾಂಡೆಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ 1985ರಲ್ಲಿ ತಮ್ಮ ಗ್ರಾಹಕರ ಕಡೆಯ ವೈಫಲ್ಯಗಳನ್ನು ಲೆಕ್ಕ ಹಾಕಿದಾಗ ನಿರ್ವಹಣೆಯ ಪಾಲು ಶೇ. 42, ಸಾಫ್ಟ್‌ವೇರ್ ಶೇ. 25, ಹಾರ್ಡ್‌ವೇರ್ ಶೇ. 18, ಪರಿಸರ ಶೇ. 14. ಯಂತ್ರಗಳನ್ನು ಜೋಡಿಜೋಡಿಯಾಗಿ ಇಟ್ಟಿದ್ದರಿಂದ ಹಾರ್ಡ್‌ವೇರ್ ಹಿಂದೆ ಸರಿದು, ಕೀಬೋರ್ಡ್ ಮುಂದೆ ಕೂತವರು ಮೊದಲ ಸ್ಥಾನಕ್ಕೆ ಬಂದರು. ಪ್ರೈಮರಿಯ ಟರ್ಮಿನಲ್‌ಗೆ ಕೆಂಪು ಹಿನ್ನೆಲೆ ಬಣ್ಣ ಕೊಡುವುದು ಐದು ನಿಮಿಷದ ಕೆಲಸ.

ನಡುರಾತ್ರಿ ಅಲಾರಂ ಬಂತು, ಡೇಟಾಬೇಸ್ ನಿಂತಿದೆ, ಡಿಸ್ಕ್ ಶೇ. 100 ತುಂಬಿದೆ. ಮೊದಲು ಏನು ಮಾಡಲಿ?

ಡೇಟಾ ಫೋಲ್ಡರಿನಲ್ಲಿ ಯಾವುದನ್ನೂ ಅಳಿಸಬೇಡಿ. ‘ಪಿಜಿ_ವಾಲ್’ ಫೋಲ್ಡರ್ ಬಹಳ ದೊಡ್ಡದಿದೆ, ಹೆಸರು ನೋಡಿದರೆ ಹಳೆಯ ಲಾಗ್‌ನಂತಿದೆ ಎಂದು ಖಾಲಿ ಮಾಡಿದವರಿದ್ದಾರೆ. ಅದು ಹೋದರೆ ಡೇಟಾಬೇಸ್ ಏಳುವುದಿಲ್ಲ.

ಅದು ಬೆಳೆಯಲು ಸಾಮಾನ್ಯವಾಗಿ ಕಾರಣ ಎರಡು. ಲಾಗ್ ಫೈಲ್‌ಗಳನ್ನು ಬ್ಯಾಕಪ್ ಜಾಗಕ್ಕೆ ನಕಲಿಸುವ ಆರ್ಕೈವ್ ಆಜ್ಞೆ ವಿಫಲವಾಗುತ್ತಿದೆ, ‘ಪಿಜಿ_ಸ್ಟ್ಯಾಟ್_ಆರ್ಕೈವರ್’ ನೋಡಿ. ಇಲ್ಲವೇ ಎಂದೋ ಕಿತ್ತುಹಾಕಿದ ಸ್ಟ್ಯಾಂಡ್‌ಬೈಯ ರೆಪ್ಲಿಕೇಶನ್ ಸ್ಲಾಟ್ ಇನ್ನೂ ಉಳಿದು, ಅದು ಮರಳಿ ಬಂದೀತೆಂದು ಪ್ರೈಮರಿ ಎಲ್ಲ ಲಾಗನ್ನೂ ಕಾದಿಟ್ಟಿದೆ. ಇಲ್ಲಿಯೂ ಅದೇ ಹಳೆಯ ಪ್ರಶ್ನೆ: ಸತ್ತಿದೆಯೋ, ತಡಮಾಡುತ್ತಿದೆಯೋ. ‘ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್’ನಲ್ಲಿ ‘ಆ್ಯಕ್ಟಿವ್’ ಇಲ್ಲದ ಸ್ಲಾಟ್ ಯಾರದೆಂದು ಖಚಿತಪಡಿಸಿಕೊಂಡು ಅದನ್ನು ತೆಗೆಯಿರಿ, ಚೆಕ್‌ಪಾಯಿಂಟ್ (ಬದಲಾವಣೆಗಳು ಡೇಟಾ ಫೈಲ್‌ಗೆ ಸೇರುವ ಹೆಜ್ಜೆ) ಆದೊಡನೆ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಮರುದಿನ ‘ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್’ಗೆ ಮಿತಿ ಹಾಕಿ. ಮೂಲ ಬೆಲೆ -1, ಅಂದರೆ ಮಿತಿಯೇ ಇಲ್ಲ.

ಸ್ಲಾಟ್ ತೆಗೆಯಲು ಡೇಟಾಬೇಸ್ ಮೊದಲು ಏಳಬೇಕು, ಏಳಲು ಜಾಗ ಬೇಕು. ಅದಕ್ಕಾಗಿ ಇವತ್ತೇ ಆ ಡಿಸ್ಕ್‌ನಲ್ಲಿ, ಡೇಟಾ ಫೋಲ್ಡರಿನ ಹೊರಗೆ, 2 ಜಿಬಿಯ ಒಂದು ಡಮ್ಮಿ ಫೈಲ್ ಮಾಡಿಡಿ. ‘ಡಿಸ್ಕ್ ತುಂಬಿದಾಗ ಮಾತ್ರ ಇದನ್ನು ಅಳಿಸಿ’ ಎಂಬುದೇ ಅದರ ಹೆಸರಾಗಿರಲಿ.